ಹಳ್ಳಿಯ ಶಾಲೆಯಿಂದ ಮನೆಯ ಪೆಟ್ಟಿಗೆಗೆ

ಮೊನ್ನೆ ನಮ್ಮ ಮನೆಗೆ ದೊಡ್ಡದೊಂದು ಎಚ್‌ಡಿ ಟಿ.ವಿ. ಬಂತು. ಕೇಬಲ್ಲಿನ ಹಳೆಯ ಸೆಟ್‌ಟಾಪ್ ಬಾಕ್ಸನ್ನೇ ಅದಕ್ಕೆ ಜೋಡಿಸಿದೆವು. ನೋಡಿದರೆ ಚಿತ್ರ ಮಸುಕು, ವಾರ್ತೆ ಓದುವವರ ಮುಖವೆಲ್ಲ ಅಡ್ಡಕ್ಕೆ ಹಿಗ್ಗಿದೆ. "ಇಷ್ಟು ದುಡ್ಡು ಕೊಟ್ಟು ಇವರನ್ನೆಲ್ಲ ದಪ್ಪ ಮಾಡಿಸಿದೆಯಾ ಬೇಟಾ?" ಎಂದರು ಅಮ್ಮಿ. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಐವತ್ತು ವರ್ಷಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಅದರ ಮೊದಲ ಪುಟಗಳಲ್ಲೇ ನಮ್ಮ ಕಲಬುರಗಿಯ ಹೆಸರಿದೆ.

ದೆಹಲಿಯಲ್ಲಿ ದೂರದರ್ಶನ ಆರಂಭವಾದದ್ದು 1959ರಲ್ಲಿ. ಕರ್ನಾಟಕದಲ್ಲಿ ಅದನ್ನು ಮೊದಲು ಕಂಡವರು ಬೆಂಗಳೂರಿನವರಲ್ಲ. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಪ್ರಸಾರವಾದವು. ಊರಿಗೊಂದೇ ಟಿ.ವಿ. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಅದು ತುರ್ತು ಪರಿಸ್ಥಿತಿಯ ಕಾಲ ಎಂಬುದನ್ನೂ ಮರೆಯಬಾರದು. ಏನು ನೋಡಬೇಕೆಂದು ತೀರ್ಮಾನಿಸುತ್ತಿದ್ದುದು ಸರ್ಕಾರ. ಆದರೂ ಕಪ್ಪು ಬಿಳುಪಿನ ಆ ಒಂದು ಚಿತ್ರದ ಮುಂದೆ ಊರಿಗೆ ಊರೇ ಸೇರುತ್ತಿತ್ತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಕೇಂದ್ರವೂ ಬಂತು.

1991ರ ಕೊಲ್ಲಿ ಯುದ್ಧದ ದೃಶ್ಯಗಳು ವಿದೇಶಿ ವಾಹಿನಿಯಿಂದ ನೇರ ಬರತೊಡಗಿದಾಗ ನಗರಗಳ ಮಾಳಿಗೆಗಳ ಮೇಲೆ ಡಿಶ್‌ಗಳು ಎದ್ದವು. ಮನೆಯವರನ್ನು ದುಡಿಯಲು ಕೊಲ್ಲಿಗೆ ಕಳಿಸಿದ್ದವರಿಗೆ ಅದು ಬರಿಯ ಸುದ್ದಿಯಾಗಿರಲಿಲ್ಲ. ಒಂದು ಡಿಶ್, ಅದರಿಂದ ಮನೆಮನೆಗೆ ತಂತಿ: ಇದೇ ಕೇಬಲ್. 1994ರಲ್ಲಿ ಉದಯ, 2001ರಲ್ಲಿ ಈಟಿವಿ ಉರ್ದು ಬಂದವು. ಎರಡು ಭಾಷೆಗಳಲ್ಲಿ ಬದುಕುವ ನಮ್ಮಂಥ ಮನೆಗಳಿಗೆ ಅದೊಂದು ಸಂಭ್ರಮ.

ಆ ತಂತಿಯಲ್ಲಿ ಒಂದು ತೊಡಕಿತ್ತು. ಅದು ಎಷ್ಟು ಮನೆಗಳಿಗೆ ಹೋಗಿದೆಯೆಂಬ ಲೆಕ್ಕ ಕೇಬಲ್ಲಿನವರಿಗಷ್ಟೇ ಗೊತ್ತು. ವಾಹಿನಿಗಳಿಗೆ ಪಾಲು ತಪ್ಪುತ್ತಿತ್ತು, ಸರ್ಕಾರಕ್ಕೆ ತೆರಿಗೆ ತಪ್ಪುತ್ತಿತ್ತು. 1995ರ ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂದು ಡಿಜಿಟಲ್ ಪೆಟ್ಟಿಗೆ ಕಡ್ಡಾಯವಾಯಿತು. ನಾಲ್ಕು ಮಹಾನಗರಗಳಿಗೆ 2012ರ ಅಕ್ಟೋಬರ್ 31, ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31, ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್ 31 ಗಡುವಾಯಿತು. ಪೆಟ್ಟಿಗೆ ಬಂದ ಮೇಲೆ ಪ್ರತಿ ಮನೆಯೂ ಲೆಕ್ಕಕ್ಕೆ ಸಿಕ್ಕಿತು.

ಅಮ್ಮಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಡಿಜಿಟಲ್ ಬೇರೆ, ಎಚ್‌ಡಿ ಬೇರೆ. ನಮ್ಮ ಹಳೆಯ ಪದ್ಧತಿಯಲ್ಲಿ ಚಿತ್ರಕ್ಕೆ 576 ಗೆರೆ, ಅಗಲ ಎತ್ತರಗಳು 4ಕ್ಕೆ 3. ಜಪಾನಿನ ಎನ್‌ಎಚ್‌ಕೆ 1964ರಲ್ಲಿ ಸಂಶೋಧನೆ ಆರಂಭಿಸಿ ಬೆಳೆಸಿದ ಎಚ್‌ಡಿ ಕಲ್ಪನೆ ಇಂದು 1,080 ಗೆರೆಗಳಲ್ಲಿ, 16ಕ್ಕೆ 9ರ ಅಳತೆಯಲ್ಲಿ ನಿಂತಿದೆ. ಹಳೆಯ ಪೆಟ್ಟಿಗೆ ಹಳೆಯ ಚಿತ್ರವನ್ನೇ ಕಳಿಸುತ್ತದೆ, ಹೊಸ ಟಿ.ವಿ. ಅದನ್ನು ಎಳೆದು ತನ್ನ ಅಗಲಕ್ಕೆ ಹೊಂದಿಸುತ್ತದೆ. ಸ್ಪಷ್ಟ ಚಿತ್ರ ಬೇಕೆಂದರೆ ಎಚ್‌ಡಿ ಪೆಟ್ಟಿಗೆ, ಎಚ್‌ಡಿಎಂಐ ತಂತಿ, ಎಚ್‌ಡಿ ವಾಹಿನಿಯ ಚಂದಾ ಮೂರೂ ಬೇಕು. 2019ರಲ್ಲಿ ಜಾರಿಗೆ ಬಂದ ದರ ನಿಯಮ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾಮಾನ್ಯ ವಾಹಿನಿಗಳೆಂದು ಎಣಿಸಿತು. ಸ್ಪಷ್ಟವಾಗಿ ಕಾಣುವುದಕ್ಕೂ ಬೆಲೆ ನಿಗದಿಯಾಯಿತು.

ಕಲಬುರಗಿಯ ಹಳೆಯ ದೂರದರ್ಶನ ಪ್ರಸಾರ ಗೋಪುರ 2021ರಲ್ಲಿ ಮೌನವಾಯಿತು. ಮಾಳಿಗೆಯ ಆಂಟೆನಾ ತಿರುಗಿಸಿ ಪುಕ್ಕಟೆ ನೋಡುವ ಕಾಲ ಮುಗಿಯಿತು. ದೂರದರ್ಶನದ ಉಚಿತ ಡಿಶ್ ಸೇವೆ ಇದೆ ನಿಜ, ಆದರೆ ಡಿಶ್ಶು, ಪೆಟ್ಟಿಗೆ ನಾವೇ ಕೊಳ್ಳಬೇಕು. ಊರಿನವರಿಗೆಲ್ಲ ಒಂದೇ ಟಿ.ವಿ. ಇದ್ದಾಗ ಯಾರೂ ಚಂದಾ ಕೊಟ್ಟಿರಲಿಲ್ಲ; ಇಂದು ಚಂದಾ ಮುಗಿದ ರಾತ್ರಿಯೇ ಪರದೆ ಕಪ್ಪಾಗುತ್ತದೆ.

ಮಗಳು ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4ಕ್ಕೆ 3 ಮಾಡಿದಳು. ಎರಡೂ ಬದಿಗೆ ಕಪ್ಪು ಪಟ್ಟಿ ಬಂದು ಮುಖಗಳು ಸರಿಯಾದವು. ಅಮ್ಮಿಗೆ ಅಷ್ಟು ಸಾಕು. ಈಗಿನ ತೊಂದರೆ ಎರಡು ರಿಮೋಟುಗಳದ್ದು. ಪೆಟ್ಟಿಗೆಯ ರಿಮೋಟಿಗೆ ಕೆಂಪು ದಾರ ಕಟ್ಟಿಕೊಟ್ಟಿದ್ದೇನೆ. ಆದರೂ ಸಂಜೆ ಉರ್ದು ವಾರ್ತೆಯ ಹೊತ್ತಿಗೆ ಅಮ್ಮಿ ಪಕ್ಕದ ಮನೆಯ ಹುಡುಗನನ್ನೇ ಕೂಗುತ್ತಾರೆ. ಅವನು ಬರುತ್ತಾನೆ, ಹಚ್ಚಿಕೊಡುತ್ತಾನೆ, ತಾನೂ ಸ್ವಲ್ಪ ಹೊತ್ತು ಕೂರುತ್ತಾನೆ.