ಸೊಪ್ಪಿನ ಹದ, ಹುಳುವಿನ ಕಾಲ: ಹಿಂದೂಪುರ–ಕಲ್ಯಾಣದುರ್ಗ ಸೀಮೆ

ಎಲೆ ತಿಂದು ಬದುಕುವ ಹುಳು ಮೊಟ್ಟೆಯೊಡೆದು ಬರುವ ದಿನಕ್ಕೆ ಎಳೆಚಿಗುರು ಸಿದ್ಧವಿರಬೇಕು. ಮೊದಲೇ ಬಂದರೆ ಉಪವಾಸ, ತಡವಾದರೆ ಬಲಿತ ಎಲೆ ಮರಿಯ ಬಾಯಿಗೆ ಒಗ್ಗದು. ಚಳಿದೇಶಗಳಲ್ಲಿ ಈ ಹೊಂದಿಕೆಯನ್ನು ಚಳಿಗಾಲ ನಡೆಸಿದರೆ, ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಆಂಧ್ರದ ಅನಂತಪುರ ಸೀಮೆಯಲ್ಲಿ ಮಳೆಯೇ ನಡೆಸುತ್ತದೆ. ಕಲ್ಯಾಣದುರ್ಗದ ಕಡಲೆಕಾಯಿ ಹೊಲಗಳ ಕೆಂಪು ಕಂಬಳಿಹುಳು, ತೆಲುಗರ ‘ಎರ್ರ ಗೊಂಗಳಿ ಪುರುಗು’, ಬದುಗಳಲ್ಲಿ, ಮರದ ನೆರಳಿನ ಮಣ್ಣಲ್ಲಿ ಕೋಶವಾಗಿ ತಿಂಗಳುಗಟ್ಟಲೆ ಮಲಗಿರುತ್ತದೆ. ಮುಂಗಾರಿನ ದೊಡ್ಡ ಮಳೆಗೆ ನೆಲ ನೆನೆದರೆ ಪತಂಗಗಳು ಒಟ್ಟಾಗಿ ಏಳುತ್ತವೆ. ಅದೇ ಮಳೆಗೆ ಬಿತ್ತಿದ ಪೈರು ಎಲೆಬಿಡುವ ಹೊತ್ತಿಗೆ ಮರಿಗಳೂ ಹೊರಬರುತ್ತವೆ. ರೈತರು ಬೆಂಕಿ ಹಾಕಿ ಪತಂಗ ಸೆಳೆಯುತ್ತಿದ್ದುದು ಈ ಲೆಕ್ಕ ಬಲ್ಲವರಾಗಿ.

ಹಿಂದೂಪುರದ ಹಿಪ್ಪುನೇರಳೆ ತೋಟದಲ್ಲಿ ಲೆಕ್ಕ ಮನುಷ್ಯನದು. ಜಪಾನ್, ಇಟಲಿಗಳ ರೇಷ್ಮೆಹುಳುವಿನ ಮೊಟ್ಟೆ ಚಳಿಯುದ್ದಕ್ಕೂ ಸುಪ್ತವಾಗಿದ್ದು, ಹಿಪ್ಪುನೇರಳೆ ಚಿಗುರುವ ವಸಂತದಲ್ಲಿ ಒಡೆಯುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಂಗಾಳದಿಂದ ಹುಳು ತರಿಸಿ ಬೆಳೆಸಿದ ಈ ಸೀಮೆಯಲ್ಲಿ ನೆಲೆನಿಂತ ಮೈಸೂರು ತಳಿಗೆ ಆ ನಿದ್ದೆಯೇ ಇಲ್ಲ. ಇಟ್ಟ ಮೊಟ್ಟೆ ಸುಮಾರು 10 ದಿನಕ್ಕೆ ಒಡೆಯುತ್ತದೆ, ವರ್ಷವಿಡೀ ಪೀಳಿಗೆಯ ಮೇಲೆ ಪೀಳಿಗೆ. ನೂಲು ಮಾತ್ರ ಕಡಿಮೆ. 1860ರ ದಶಕದಲ್ಲಿ ಇಟಲಿಯ ದೆ ವೆಕ್ಕಿ ಎಂಬವರು ಜಪಾನಿನ ಮೊಟ್ಟೆಗಳನ್ನು ಮೈಸೂರಿಗೆ ತರಿಸಿ ನೋಡಿದ ಪ್ರಯತ್ನ ಬೇರೂರಲಿಲ್ಲ. ಚಳಿ ಕಾಣದ ನಾಡಿನಲ್ಲಿ ಸುಪ್ತ ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲವೆಂಬುದು ಅಂಥ ತಳಿಗಳ ಹುಟ್ಟುಗುಣ.

ದಾರಿ ಸಿಕ್ಕಿದ್ದು ಮಿಶ್ರತಳಿಯಲ್ಲಿ. ಮೊಟ್ಟೆ ಮಲಗಬೇಕೇ, ಏಳಬೇಕೇ ಎಂಬುದನ್ನು ತಾಯಿ ನಿರ್ಧರಿಸುತ್ತದೆ. ಮೈಸೂರು ತಳಿಯ ಹೆಣ್ಣಿಗೆ ಹೊರನಾಡಿನ ಗಂಡು ಕೂಡಿಸಿದರೆ ಮೊಟ್ಟೆ ಹತ್ತೇ ದಿನಕ್ಕೆ ಒಡೆಯುತ್ತದೆ, ಗೂಡು ದಪ್ಪವಾಗುತ್ತದೆ. 1920ರ ದಶಕದಿಂದ ಮೈಸೂರು ಸಂಸ್ಥಾನದಲ್ಲಿ ಬೆಳೆದ ಈ ಪದ್ಧತಿಯ ಮಹತ್ವ ಇಳುವರಿಗಿಂತ ಕಾಲದ ಲೆಕ್ಕದಲ್ಲೇ ಹೆಚ್ಚು ಎನ್ನಬಹುದು. ಈಗ ದ್ವಿತಳಿ, ಅಂದರೆ ಸುಪ್ತವಾಗುವ ಹೊರನಾಡಿನ ಬಗೆಯ, ಮೊಟ್ಟೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿಯೂ ಎಬ್ಬಿಸುತ್ತಾರೆ. ಒಡೆಯುವ ಎರಡು ದಿನ ಮೊದಲು ಮೊಟ್ಟೆಯ ಮೇಲೆ ಚುಕ್ಕೆ ಕಾಣುತ್ತದೆ. ಆಗ ಮೊಟ್ಟೆಯ ಹಾಳೆಗೆ ಕಪ್ಪು ಬಟ್ಟೆ ಮುಚ್ಚಿಟ್ಟು, ಒಡೆಯುವ ದಿನ ಬೆಳಗ್ಗೆ ತೆಗೆದರೆ, ಬೆಳಕು ತಾಗಿ ಮರಿಗಳು ಒಂದೇ ಹೊತ್ತಿಗೆ ಹರಿದುಬರುತ್ತವೆ. ಸಣ್ಣಗೆ ಹೆಚ್ಚಿದ ಎಳೆಸೊಪ್ಪು ತಟ್ಟೆಯ ಪಕ್ಕದಲ್ಲೇ ಕಾದಿರುತ್ತದೆ.

ಇನ್ನೊಂದು ಕಡೆಯ ಸಿದ್ಧತೆ ತೋಟದ್ದು. ಸ್ವಭಾವತಃ ಮರವಾದ ಹಿಪ್ಪುನೇರಳೆಯನ್ನು ಕಡಿದು ಗಿಡವಾಗಿ ಉಳಿಸಿಕೊಂಡು, ನೀರಾವರಿಯಲ್ಲಿ ವರ್ಷಕ್ಕೆ 5 ಬೆಳೆಯವರೆಗೆ ತೆಗೆಯುತ್ತಾರೆ. ಕಟಾವಿನ ದಿನವೇ ಚಾಕಿ ಕಟ್ಟುವ, ಅಂದರೆ ಮರಿಗಳನ್ನು ಸೊಪ್ಪಿಗೆ ಬಿಡುವ, ದಿನವನ್ನು ಹಿಡಿದಿಡುತ್ತದೆ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಬಿಟ್ಟೆದ್ದ ಹುಳು ಒಟ್ಟು ಸೊಪ್ಪಿನ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಒಂದೇ ವಾರದಲ್ಲಿ ತಿಂದುಬಿಡುವುದರಿಂದ ಆ ವಾರಕ್ಕೆ ಸೊಪ್ಪು ಬಲಿತಿರಬೇಕು. ಬೇಸಿಗೆ ಬಾವಿ ಬತ್ತಿದರೆ ಇಡೀ ಲೆಕ್ಕ ಉರುಳುತ್ತದೆ. ಹಿಂದೂಪುರದ ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ನೆಲೆಗೊಂಡಿರುವುದು ಇಂಥ ಒಣಸೀಮೆಯಲ್ಲೇ.

ವರ್ಷವಿಡೀ ಹುಳು ಸಿಗುವಂತೆ ಮಾಡಿದ್ದಕ್ಕೆ ಒಂದು ಬೆಲೆಯೂ ಉಂಟು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಒಂದು ಮನೆಯಲ್ಲಿ ಹುಳು ಗೂಡು ಕಟ್ಟುವಾಗ ಪಕ್ಕದ ಮನೆಯಲ್ಲಿ ಹೊಸದು ಬೆಳೆಯುತ್ತಿರುವ ಕಾರಣ, ನೊಣಕ್ಕೆ ಕಾಯುವ ಕಾಲವೇ ಇಲ್ಲ. ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಪರದೆ ಬಂದದ್ದು ಆಮೇಲೆ.