ಜೀಪು ಯಾರ ಕೈಯಿಂದ ಬಂತು? ದಾಸರಹಳ್ಳಿ ಗ್ಯಾರೇಜಿನಿಂದ ಒಂದು ಹಳೇ ಗಾಡಿಯ ಚರಿತ್ರೆ

ಭಾಗ 1/8 🚙

ಮೊದಲ ಫೋಟೋ ನೋಡಿ. ಟಿ. ದಾಸರಹಳ್ಳಿ, ಎಂಟನೇ ಮೈಲಿ ಹತ್ತಿರದ ಒಂದು ಗ್ಯಾರೇಜು. ತಗಡಿನ ಶೀಟಿನ ಕೆಳಗೆ ಬಾನೆಟ್ ಬಿಚ್ಚಿಟ್ಟ ಹಳೇ ಜಿಪ್ಸಿ. ಪಕ್ಕದಲ್ಲಿ ಟೈರಿಲ್ಲದೆ ಕಲ್ಲಿನ ಮೇಲೆ ಕೂತಿರೋ ಮಹೀಂದ್ರ ಜೀಪು.

ಇನ್‌ಬಾಕ್ಸ್‌ಗೆ ಪ್ರತಿ ವಾರ ಬರೋ ಪ್ರಶ್ನೆ ಒಂದೇ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ತಗೋಬೇಕು ಅಂತಿದೀನಿ. ಯಾವುದು ತಗೊಳ್ಳಲಿ, ಏನೇನು ಹಾಕಿಸಲಿ?"

ಇದು ಇತಿಹಾಸದ ಪೇಜು, ಗಾಡಿ ಮಾರೋ ಪೇಜಲ್ಲ. ಆದ್ರೆ ಈ ಪ್ರಶ್ನೆಗೆ ಉತ್ತರ ಇರೋದೂ ಇತಿಹಾಸದಲ್ಲೇ. ನಿಮ್ಮ ಕೈಗೆ ಬರೋ ಮೊದಲು ಈ ಗಾಡಿಗಳು ಯಾರ್ಯಾರ ಕೈ ದಾಟಿ ಬಂದಿವೆ, ಯಾಕೆ ಬದಲಾದವು ಅನ್ನೋದು ಗೊತ್ತಾದ್ರೆ ಏನು ನೋಡಿ ಕೊಳ್ಳಬೇಕು ಅನ್ನೋದು ತಾನಾಗೇ ತಿಳಿಯುತ್ತೆ. ಎಂಟು ಭಾಗ ಇದೆ. ಸೇವ್ ಮಾಡ್ಕೊಳ್ಳಿ, ಅಡ್ವಾನ್ಸ್ ಕೊಡೋ ಮೊದಲು ಓದಿ.

ಭಾಗ 2/8: ಯುದ್ಧದ ಗಾಡಿ

1941ರಿಂದ 1945ರ ನಡುವೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 80 ಇಂಚು. ಅಂದ ಚೆಂದ ಯಾರಿಗೂ ಬೇಕಿರಲಿಲ್ಲ. ಕೆಸರಲ್ಲಿ ಹೂತರೆ ನಾಲ್ಕು ಜನ ಸೇರಿ ಎತ್ತಿ ಆಚೆ ಇಡೋ ಹಾಗಿದ್ರೆ ಸಾಕಿತ್ತು.

ಆ ಹೊತ್ತಿಗೆ ನಮ್ಮ ಬೆಂಗಳೂರು ಮಿಲಿಟರಿ ಊರು. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆ ವಿಮಾನ ರಿಪೇರಿಗೆ ತಗೊಂಡಿತ್ತು. ದಾಸರಹಳ್ಳಿಯ ಪಕ್ಕದ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧ ಕೈದಿಗಳಿದ್ರು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟ ಸಾಮಾನು, ಗಾಡಿ ಎಲ್ಲಾ ದೇಶದುದ್ದಕ್ಕೂ ಹರಾಜಿಗೆ ಬಂತು. "ಡಿಸ್ಪೋಸಲ್ ಗಾಡಿ" ಅನ್ನೋ ಮಾತು ಬಂದಿದ್ದು ಹೀಗೆ. ಅಂದ್ರೆ ಜೀಪು ಅನ್ನೋದು ನಮ್ಮ ಜನಸಾಮಾನ್ಯರ ಬದುಕಿಗೆ ಕಾಲಿಟ್ಟಾಗಲೇ ಸೆಕೆಂಡ್ ಹ್ಯಾಂಡು!

ಭಾಗ 3/8: "ಜೀಪು ಬಂತು"

1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ದೇಶ ವಿಭಜನೆ ಆದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ್ರು. ಇಲ್ಲಿ ಉಳಿದ ಕಂಪನಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಬಾಂಬೆಯಲ್ಲಿ ಜೋಡಿಸತೊಡಗಿತು. ಆಮೇಲೆ ಬಂದ ಎತ್ತರದ ಬಾನೆಟ್ಟಿನ ಸಿಜೆ 3ಬಿ ನಿಮ್ಮ ತಾತನ ಕಾಲದ ಫೋಟೋಗಳಲ್ಲಿ ಕಾಣೋ ಜೀಪು. ಬಾನೆಟ್ ಎತ್ತರ ಇರೋದು ಸ್ಟೈಲಿಗಲ್ಲ, ಒಳಗಿನ ಹೊಸ ಎಂಜಿನ್ ಎತ್ತರ ಇತ್ತು ಅಷ್ಟೇ.

ಹಳ್ಳಿಯಲ್ಲಿ "ಜೀಪು ಬಂತು" ಅಂದ್ರೆ ಗಾಡಿ ಬಂತು ಅಂತಲ್ಲ, ಸರ್ಕಾರ ಬಂತು ಅಂತ. ಪೊಲೀಸ್ ಜೀಪು, ಫಾರೆಸ್ಟ್ ಜೀಪು, ಬಿಡಿಓ ಜೀಪು. ಇಲಾಖೆ ಓಡಿಸಿ ಸಾಕಾದ ಮೇಲೆ ಅವೂ ಹರಾಜಿಗೆ ಹೋಗ್ತಿದ್ವು. ಕೊಳ್ಳೋರಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟದವರು ಇರ್ತಿದ್ರು. ಮಳೆಗಾಲದಲ್ಲಿ ಕಾಫಿ ತೋಟದ ರಸ್ತೆಗೆ ಬೇರೆ ಗಾಡಿ ಹತ್ತೋದೇ ಇಲ್ಲ. ಗೊಬ್ಬರ, ಕಾಫಿ ಮೂಟೆ, ಆಳುಗಳು, ಬಾಣಂತಿ, ಹೆಣ, ಎಲ್ಲಾ ಹೊತ್ತಿದ್ದು ಇದೇ ಜೀಪು.

ಭಾಗ 4/8: ಮೊದಲ ಮಾಡಿಫಿಕೇಷನ್

ಈಗ "ಮಾಡ್" ಅಂದ್ರೆ ನಮಗೆ ದಪ್ಪ ಟೈರು, ಲೈಟ್ ಬಾರು ನೆನಪಾಗುತ್ತೆ. ಆದ್ರೆ ನಮ್ಮೂರ ಜೀಪಿನ ದೊಡ್ಡ ಮಾಡಿಫಿಕೇಷನ್ ಎಂಜಿನ್ ಬದಲಾಯಿಸೋದು. ಕಾರಣ ಹೊಟ್ಟೆಪಾಡು.

1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿತು. ಪೆಟ್ರೋಲ್ ಜೀಪು ಇಟ್ಟೋರಿಗೆ ಓಡಿಸಿದಷ್ಟೂ ನಷ್ಟ. ಕಂಪನಿಯೇ ಮುಂದೆ ಟ್ರಾಕ್ಟರ್ ಮೂಲದ ಡೀಸೆಲ್ ಎಂಜಿನ್ ಕೂರಿಸಿತು. 1980ರ ದಶಕದಲ್ಲಿ ಪ್ಯೂಜೋ ಕಂಪನಿಯ ತಂತ್ರಜ್ಞಾನದ 2.1 ಲೀಟರ್ ಡೀಸೆಲ್ ಬಂತು, ಎಂಎಂ 540ಯಲ್ಲಿ ಇದ್ದದ್ದು ಅದೇ. ಹಳೇ ಜೀಪು ಇದ್ದೋರು ಹೊಸದು ಕೊಳ್ಳೋಕಾಗದೆ ಗ್ಯಾರೇಜಿಗೆ ಹೋದ್ರು. ಪೆಟ್ರೋಲ್ ಎಂಜಿನ್ ಇಳಿಸಿ, ಮೆಟಡೋರ್ ವ್ಯಾನಿನದೋ ಇನ್ಯಾವುದರದೋ ಡೀಸೆಲ್ ಎಂಜಿನ್ ಹತ್ತಿಸೋದು.

ಹೇಳೋಕೆ ಸುಲಭ. ಎಂಜಿನ್ ಒಂದು ಕಂಪನಿದು, ಗೇರ್ ಬಾಕ್ಸ್ ಇನ್ನೊಂದು ಕಂಪನಿದು, ಬೋಲ್ಟಿನ ತೂತು ಒಂದಕ್ಕೊಂದು ಕೂರಲ್ಲ. ನಡುವೆ ಒಂದು ದಪ್ಪ ಪ್ಲೇಟು ಬೇಕು, ಎಂಜಿನ್ ಮೌಂಟಿಂಗ್ ಬೇರೆ ಆಗಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಬೇಕು. ಕೂದಲೆಳೆಯಷ್ಟು ಸೆಂಟರ್ ತಪ್ಪಿದ್ರೂ ಗೇರ್ ಬಾಕ್ಸ್ ಬೇರಿಂಗ್ ಹೋಗುತ್ತೆ.

ಇಂಥ ಕೆಲಸಕ್ಕೆ ಬೇಕಾಗಿದ್ದು ಲೇತು, ಮಿಲ್ಲಿಂಗು, ಒಳ್ಳೇ ಟರ್ನರ್. ಅವೆಲ್ಲಾ ನಮ್ಮ ಪಕ್ಕದಲ್ಲೇ ಇದ್ವು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೀತು. ಹಾಸನ, ತುಮಕೂರು, ಮಂಡ್ಯ ಕಡೆಯಿಂದ ಬಂದ ಹುಡುಗರು ಐಟಿಐ ಮುಗಿಸಿ ಇಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಆದ್ರು, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ್ರು. ಮಲೆನಾಡಿನ ಗಾಡಿ ಬೆಂಗಳೂರಿಗೆ ಬರೋದೂ ನೆಲಮಂಗಲ ದಾಟಿ ಇದೇ ತುಮಕೂರು ರಸ್ತೆಯಲ್ಲಿ. ಶೋರೂಮಿನಲ್ಲಿ ಸಿಗದ ಬುಷ್ಷು, ಪಿನ್ನು, ಶಾಫ್ಟು ಇವತ್ತಿಗೂ ಪೀಣ್ಯದ ಶೆಡ್ಡಿನಲ್ಲಿ ಮಾಡಿಸಬಹುದು. ಹಳೇ ಗಾಡಿ ಇಲ್ಲಿ ಬದುಕಿರೋದಕ್ಕೆ ಇದೇ ಕಾರಣ.

ಭಾಗ 5/8: ಜಿಪ್ಸಿ, ಜೊಂಗಾ

1985ರ ಡಿಸೆಂಬರ್‌ನಲ್ಲಿ ಮಾರುತಿ ಜಿಪ್ಸಿ ಬಂತು. 970 ಸಿಸಿ ಪೆಟ್ರೋಲ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್, 2000ದಲ್ಲಿ 80 ಅಶ್ವಶಕ್ತಿಯ ಎಂಪಿಎಫ್‌ಐ. ಹಗುರ ಇದ್ದಿದ್ರಿಂದ ಕೆಸರಲ್ಲಿ ತೇಲಿದ ಹಾಗೆ ಹೋಗ್ತಿತ್ತು, ರ್‍ಯಾಲಿಯವರೂ ಮೆಚ್ಚಿಕೊಂಡ್ರು. ಸೇನೆ ಸಾವಿರಗಟ್ಟಲೆ ಕೊಂಡಿತು. 2019ರಲ್ಲಿ, ಹೊಸ ಸುರಕ್ಷತಾ ನಿಯಮಗಳ ಹೊಸ್ತಿಲಲ್ಲಿ, ಜಿಪ್ಸಿ ನಿಂತುಹೋಯ್ತು.

ಜೊಂಗಾ ಇನ್ನೊಂದು ಕಥೆ. ನಿಸಾನ್ ಪ್ಯಾಟ್ರೋಲ್ ಅನ್ನೋ ಮಾದರಿಯನ್ನು 1969ರಿಂದ 1999ರ ತನಕ ಜಬಲ್‌ಪುರದ ಸರ್ಕಾರಿ ಕಾರ್ಖಾನೆ ಸೇನೆಗಾಗಿ ತಯಾರಿಸ್ತು. ಸುಮಾರು 4 ಲೀಟರಿನ ಆರು ಸಿಲಿಂಡರ್ ಎಂಜಿನ್. ಹರಾಜಿನಲ್ಲಿ ಕೊಂಡು ತಂದೋರು ಪೆಟ್ರೋಲ್ ಹಾಕಿಸಿ ಸುಸ್ತಾಗಿ, ಇದಕ್ಕೂ ಡೀಸೆಲ್ ಎಂಜಿನ್ ಹತ್ತಿಸಿದ್ದುಂಟು.

ಇವತ್ತಿನ "ಆರ್ಮಿ ಡಿಸ್ಪೋಸಲ್ ಜಿಪ್ಸಿ" ಜಾಹೀರಾತುಗಳ ಮೂಲ ಇದು. 1945ರ ಕಥೆಯೇ ಮತ್ತೆ ನಡೀತಿದೆ.

ಭಾಗ 6/8: ಕಾಗದದ ಚರಿತ್ರೆ

ನನ್ನದೇ ಕಥೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಡೀಸೆಲ್ ಜೀಪು ನೋಡಿ ಮನಸೋತೆ. ಹೊಸ ಪೇಂಟು, ದಪ್ಪ ಟೈರು. ಊರಿನ ತೋಟದಲ್ಲಿ ಅಪ್ಪನ ಜೊತೆ ಓಡಾಡೋ ಕನಸು. ಉಳಿತಾಯದಿಂದ ಅಡ್ವಾನ್ಸ್ ಕೊಟ್ಟ ಮೇಲೆ ಆರ್‌ಸಿ ನೋಡಿದ್ರೆ ಇಂಧನ "ಪೆಟ್ರೋಲ್" ಅಂತಿದೆ. "ಅದೇನೂ ಆಗಲ್ಲ ಸಾರ್, ಎಲ್ರೂ ಹಂಗೇ ಓಡಿಸ್ತಾರೆ" ಅಂದ್ರು ಮಾರೋರು. ಎಂಜಿನ್ ನಂಬರೂ ಕೂಡಲಿಲ್ಲ. ಗಾಡಿ ನನ್ನ ಹೆಸರಿಗೆ ಆಗಲಿಲ್ಲ, ಅಡ್ವಾನ್ಸೂ ವಾಪಸ್ ಬರಲಿಲ್ಲ.

ಆಗ ಅರ್ಥ ಆಗಿದ್ದು: ಯಾವನೋ ಪುಣ್ಯಾತ್ಮ ಹೊಟ್ಟೆಪಾಡಿಗೆ ಬದಲಾಯಿಸಿದ ಎಂಜಿನ್, ಆರ್‌ಸಿಗೆ ಹತ್ತದೆ ಉಳಿದು, ನಾಲ್ಕಾರು ಕೈ ದಾಟಿ, ಕೊನೆಗೆ ನನ್ನ ತಲೆ ಮೇಲೆ ಬಿತ್ತು. ಹಳೇ ಗಾಡಿ ಕೊಳ್ಳೋದು ಅಂದ್ರೆ ಹಿಂದಿನವರ ತೀರ್ಮಾನಗಳನ್ನೂ ಸೇರಿಸಿ ಕೊಂಡ ಹಾಗೆ.

ಹಾಗಾಗಿ ಮೊದಲು ಕಾಗದ ನೋಡಿ:

✅ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲೆ ಕಣ್ಣಾರೆ ಓದಿ, ಆರ್‌ಸಿ ಜೊತೆ ತಾಳೆ ಹಾಕಿ. ಉಜ್ಜಿದ, ಬೆಸೆದ ಗುರುತಿದ್ರೆ ಬಂದ ದಾರಿ ಹಿಡೀರಿ.
✅ ಇಂಧನ, ಸೀಟು, ಬಣ್ಣ ಎಲ್ಲಾ ಆರ್‌ಸಿಯಲ್ಲಿ ಇರೋ ಹಾಗೇ ಇರಬೇಕು.
✅ 15 ವರ್ಷ ದಾಟಿದ್ರೆ ಐದೈದು ವರ್ಷಕ್ಕೆ ಮರುನೋಂದಣಿ. ಕಾರಿನ ವರ್ಗಕ್ಕೆ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಈಗೆಷ್ಟು ಅಂತ ಆರ್‌ಟಿಓದಲ್ಲಿ ಕೇಳಿ, ಗಾಡಿ ಬೆಲೆಗೆ ಸೇರಿಸಿ.
✅ ಡೆಲ್ಲಿ ಗಾಡಿ ಅಗ್ಗ ಯಾಕೆ? ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. ಆಮೇಲೆ ಅಲ್ಲಿನ ಗಾಡಿಗಳು ಬೇರೆ ರಾಜ್ಯಕ್ಕೆ ಹರಿದವು. ಎನ್‌ಒಸಿ ಇದೆಯಾ, ಇಲ್ಲಿನ ತೆರಿಗೆ ಎಷ್ಟಾಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ.
✅ ಆರ್ಮಿ ಗಾಡಿ ಅಂದ್ರೆ ಹರಾಜಿನ ಮೂಲ ದಾಖಲೆ ಕೇಳಿ. "ಆಮೇಲೆ ಮಾಡಿಸ್ಕೊಡ್ತೀನಿ" ಅನ್ನೋದು ದಾಖಲೆ ಅಲ್ಲ.

ಭಾಗ 7/8: ಕಬ್ಬಿಣ, ಕಾನೂನು

ಕಾಗದ ಸರಿ ಇದ್ರೆ ಗಾಡಿ ಕೆಳಗೆ ನುಗ್ಗಿ. ಜೀಪಿನ ಹಾಗೆ ಕಾಣೋದೆಲ್ಲಾ ಫೋರ್ ವೀಲ್ ಡ್ರೈವ್ ಅಲ್ಲ. ಮಹೀಂದ್ರ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಓಟ ಇರೋ ಜೀಪುಗಳನ್ನೂ ಮಾರಿದೆ. ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ಲಿನ ಗುಂಡು ಇದೆಯಾ ನೋಡಿ. ಆಮೇಲೆ ಮಣ್ಣಿನ ನೆಲದಲ್ಲಿ ಲೋ ಗೇರಿಗೆ ಹಾಕಿಸಿ. ಹಳೇ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಅಂದ್ರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ. ಕಿರ್ರನೆ ಸದ್ದು ಬಂದ್ರೆ, ಗೇರ್ ತಾನೇ ಆಚೆ ಬಂದ್ರೆ ಖರ್ಚಿದೆ. ಟಾರು ರಸ್ತೆಯಲ್ಲಿ ಇದನ್ನ ಪರೀಕ್ಷೆ ಮಾಡಬೇಡಿ. ಮುಂದಿನ, ಹಿಂದಿನ ಚಕ್ರ ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ, ತಿರುವಿನಲ್ಲಿ ಗೇರಿಗೆ ಪೆಟ್ಟು. ಜಿಪ್ಸಿಯಲ್ಲಿ ಮುಂದಿನ ಚಕ್ರದ ಒಳಗಡೆ ಗ್ರೀಸ್, ಎಣ್ಣೆ ಸೋರಿಕೆ ಮತ್ತು ಫ್ಲೋರಿನ ತುಕ್ಕು ನೋಡಿ. ಹೊಸ ಪೇಂಟಿನ ಕೆಳಗೆ ಚಾಸಿಯನ್ನ ಸ್ಕ್ರೂಡ್ರೈವರಿನಿಂದ ಕುಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ಪಟ್ಟಿ ತುಂಬಿದ್ದು ಮೆತ್ತಗೆ ಸದ್ದು ಮಾಡುತ್ತೆ.

ಇನ್ನು ಮಾಡಿಫಿಕೇಷನ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮುಂದಿನ ಬುಲ್ ಬಾರ್ ಬೇಡ ಅಂತ ಹೇಳಿತು: ಪಾದಚಾರಿಗೂ ಅಪಾಯ, ಏರ್‌ಬ್ಯಾಗಿಗೂ ಅಡ್ಡಿ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನ ಗಟ್ಟಿಯಾಗಿ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದ್ರೆ ಇನ್ಶೂರೆನ್ಸ್ ತಕರಾರು ಬೇರೆ.

ನಮ್ಮ ಹಿರಿಯ ಮೇಸ್ತ್ರಿಗಳ ಕೌಶಲಕ್ಕೆ ಇದು ಅವಮಾನ ಅಂತ ನನಗೂ ಒಮ್ಮೊಮ್ಮೆ ಅನ್ನಿಸುತ್ತೆ. ಆದ್ರೆ ಲೆಕ್ಕ ನೋಡಿ. ಟೈರು ದೊಡ್ಡದಾದಷ್ಟೂ ಬ್ರೇಕಿನ ಹಿಡಿತ ಕಡಿಮೆ, ಮೀಟರ್ ತೋರಿಸೋದಕ್ಕಿಂತ ನಿಜ ವೇಗ ಜಾಸ್ತಿ. ಗಾಡಿ ಎತ್ತರ ಮಾಡಿದಷ್ಟೂ ತಿರುವಿನಲ್ಲಿ ಮಗುಚೋ ಭಯ.

ಭಾಗ 8/8: ಏನು ಹಾಕಿಸಲಿ ಅಣ್ಣಾ?

ಪ್ರಶ್ನೆಗೆ ಬಂದೆ. ಆ ಕಾಲದವರು ಬೇಕಾಗಿದ್ದನ್ನ ಮಾತ್ರ ಬದಲಾಯಿಸಿದ್ರು. ನೀವೂ ಅದೇ ಮಾಡಿ. ಮೊದಲ ದುಡ್ಡು ಬ್ರೇಕಿಗೆ, ಸ್ಟೇರಿಂಗ್ ಜಾಯಿಂಟಿಗೆ, ರೇಡಿಯೇಟರ್ ಮತ್ತು ಹೋಸಿಗೆ, ಎಲ್ಲಾ ಆಯಿಲ್ ಸೀಲಿಗೆ, ಪಾಟಾ ಬುಷ್ಷಿಗೆ. ಆಮೇಲೆ ಕಂಪನಿ ಅಳತೆಯ ಒಳ್ಳೇ ಟೈರು. ಗಾಡಿಯೊಳಗೆ ಎಳೆಯೋ ಬೆಲ್ಟು, ಎರಡು ಶಾಕಲ್, ಗುದ್ದಲಿ, ಗಾಳಿ ಪಂಪು, ಅಗ್ನಿಶಾಮಕ, ಫಸ್ಟ್ ಏಡ್. ಕೆಸರಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದ್ರೆ ಸಿಗೋ ಹಿಡಿತ ಯಾವ ಲೈಟ್ ಬಾರೂ ಕೊಡಲ್ಲ. ಟಾರಿಗೆ ಬಂದಾಗ ಮತ್ತೆ ತುಂಬಿಸಿ. ಮತ್ತೆ, ಒಬ್ಬರೇ ಹೋಗಬೇಡಿ.

ನೆಲಮಂಗಲದಲ್ಲಿ ರಸ್ತೆ ಕವಲಾಗುತ್ತೆ. ಬಲಕ್ಕೆ ತುಮಕೂರು, ಎಡಕ್ಕೆ ಕುಣಿಗಲ್, ಹಾಸನ, ಸಕಲೇಶಪುರ. ಎಡಕ್ಕೆ ಹೋದೋರಿಗೆ ಒಂದು ಮಾತು. ಶೋಲಾ ಹುಲ್ಲುಗಾವಲು, ಹಳ್ಳದ ಪಾತ್ರ ಆಟದ ಮೈದಾನ ಅಲ್ಲ. ಒಂದು ಸಲ ಟೈರು ಸೀಳಿದ ಗುಡ್ಡದಲ್ಲಿ ಮುಂದಿನ ಮಳೆಗೆ ಮಣ್ಣು ಕೊಚ್ಚಿ ಹೋಗುತ್ತೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗಿದ್ರೆ ಕೇಸು, ಗಾಡಿ ಜಪ್ತಿ. ಪರಿಚಯದವರ ತೋಟ ಇದ್ರೆ ಕೇಳಿಕೊಂಡು ಹೋಗಿ. ಆ ತೋಟದ ರಸ್ತೆಯೇ ಈ ಗಾಡಿಯ ತವರು.

ಕೊನೇ ಫೋಟೋ ನನ್ನ ಈಗಿನ ಜಿಪ್ಸಿ. ಬಣ್ಣ ಮಾಸಿದೆ, ಟೈರು ಕಂಪನಿ ಅಳತೆದು, ಫೋಟೋಗೆ ಅಂಥಾ ಲಕ್ಷಣ ಏನಿಲ್ಲ. ಆದ್ರೆ ಆರ್‌ಸಿಯಲ್ಲಿ ಇರೋದು, ಗಾಡಿಯಲ್ಲಿ ಇರೋದು ಎರಡೂ ಒಂದೇ. ನನ್ನ ನಂತರ ಇದನ್ನ ಕೊಳ್ಳೋರಿಗೆ ನನ್ನಿಂದ ತಲೆನೋವಾಗಲ್ಲ.

ನಿಮ್ಮ ಮನೆ ಆಲ್ಬಮ್ಮಿನಲ್ಲಿ ಹಳೇ ಜೀಪಿನ ಫೋಟೋ ಇದ್ರೆ ಕಳಿಸಿ. ಯಾವ ಊರು, ಯಾವ ವರ್ಷ, ಯಾರ ಕೈಯಿಂದ ಬಂತು ಅಂತ ಎರಡು ಸಾಲು ಬರೀರಿ. ಮುಂದಿನ ಸರಣಿ ಅದರದ್ದೇ. ಗಾಡಿ ಕೊಳ್ಳೋಕೆ ಹೊರಟಿರೋ ಗೆಳೆಯನಿಗೆ ಇದನ್ನ ಇವತ್ತೇ ಕಳಿಸಿಬಿಡಿ. 🙏

#ದಾಸರಹಳ್ಳಿ #ಪೀಣ್ಯ #ಹಳೇಜೀಪು #ಜಿಪ್ಸಿ #ನಮ್ಮೂರಚರಿತ್ರೆ #ಎಂಟನೇಮೈಲಿ