ಪರೀಕ್ಷಾರಂಗ: ನಿಯಂತ್ರಣ ಯಂತ್ರಗಳ ರಕ್ಷಣೆಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ಜಯನಗರ, ಬನಶಂಕರಿ ಬಡಾವಣೆಗಳಿಗೆ ಒದಗುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರತಕ್ಕದ್ದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆಗಳಲ್ಲಿ ಪಂಪುಗಳು ಅದನ್ನು ಒಟ್ಟು 500 ಮೀಟರಿನಷ್ಟು ಮೇಲೆತ್ತುತ್ತವೆ. ಇಂಥ ಪಂಪು, ಕವಾಟಗಳನ್ನು ಗಣಕಯಂತ್ರಗಳ ಮೂಲಕ ದೂರದಿಂದಲೇ ನಡೆಸುವ ಪದ್ಧತಿ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಆ ಗಣಕಗಳಿಗೆ ದ್ರೋಹಿಯೊಬ್ಬನು ಸುಳ್ಳು ಆಜ್ಞೆಯನ್ನು ಕಳುಹಿಸಿದರೆ ಏನಾದೀತು? ಇದನ್ನರಿಯಲು ಹರಿಯುತ್ತಿರುವ ನೀರನ್ನೇ ತಡೆದು ನೋಡುವಂತಿಲ್ಲ; ಊರು ಬಾಯಾರೀತು. ಆದುದರಿಂದ ನಿಜವಾದ ಸ್ಥಾವರವನ್ನು ಹೋಲುವ ಚಿಕ್ಕದೊಂದನ್ನು ಬೇರೆಡೆ ಕಟ್ಟಿ, ಅದರ ಮೇಲೆ ಆಕ್ರಮಣ ನಡೆಸಿ ನೋಡುತ್ತಾರೆ. ಟೆಸ್ಟ್‌ಬೆಡ್ ಎಂದು ಹೆಸರಾದ ಇದನ್ನು ನಾವು ಪರೀಕ್ಷಾರಂಗವೆನ್ನೋಣ.

ಈ ತತ್ತ್ವ ನಮ್ಮ ನಾಡಿಗೆ ಹೊಸದೇನಲ್ಲ. 1944ರಲ್ಲಿ ಕೃಷ್ಣರಾಜಸಾಗರದಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವು ಅಣೆಕಟ್ಟು, ಕೋಡಿಗಳ ಮಾದರಿಗಳಲ್ಲಿ ನೀರು ಹರಿಸಿ ಪರೀಕ್ಷಿಸುತ್ತ ಬಂದಿದೆ. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ವಿದ್ಯುದುಪಕರಣಗಳನ್ನು ಬೇಕೆಂದೇ ಕಠಿನ ಪರೀಕ್ಷೆಗೆ ಒಡ್ಡುತ್ತದೆ. ಆದರೆ ನೀರಿಗಾಗಲಿ ಮಿಂಚಿಗಾಗಲಿ ಹಗೆತನವೆಂಬುದಿಲ್ಲ. ಹೊಸ ಪರೀಕ್ಷಾರಂಗದ ಎದುರಾಳಿಯಾದರೋ ಯೋಚಿಸಬಲ್ಲ ಮನುಷ್ಯ. ಎಷ್ಟೋ ವೇಳೆ ಒಳಗಿನ ಮರ್ಮವನ್ನು ಬಲ್ಲವನು. 2000ದಲ್ಲಿ ಆಸ್ಟ್ರೇಲಿಯದ ಮರೂಚಿ ಪ್ರದೇಶದಲ್ಲಿ ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರನ್ನು ಉದ್ಯಾನ, ನದಿಗಳಿಗೆ ಹರಿಯಬಿಟ್ಟವನು ಆ ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲೇ ಹಿಂದೆ ದುಡಿದಿದ್ದವನು.

ಅಮೆರಿಕದ ಐಡಾಹೊ ಪ್ರಯೋಗಶಾಲೆಯಲ್ಲಿ 2007ರಲ್ಲಿ ಕೇವಲ ಆಜ್ಞೆಗಳಿಂದಲೇ ಡೀಸೆಲ್ ಜನರೇಟರೊಂದನ್ನು ಹೊಗೆಯುಗುಳಿ ಕೆಡುವಂತೆ ಮಾಡಿ ತೋರಿಸಿದರು. ಗಣಕದ ಪರದೆಯ ಮೇಲಿನ ಅನುಕರಣೆಯೊಂದರಿಂದಲೇ ಈ ಅರಿವು ಇಷ್ಟು ನಿಸ್ಸಂದೇಹವಾಗಿ ಲಭಿಸುತ್ತಿರಲಿಲ್ಲ. ಸಿಂಗಪುರದಲ್ಲಿ 2015ರಲ್ಲಿ ಸಿದ್ಧವಾದ ನೀರು ಶುದ್ಧೀಕರಣದ ಪರೀಕ್ಷಾರಂಗದಲ್ಲಿಯೂ ನಿಜವಾದ ನೀರೇ ಹರಿಯುತ್ತದೆ. ವೆಚ್ಚ ಹೆಚ್ಚೆಂಬ ಆಕ್ಷೇಪ ಸಹಜ. ಆದರೂ ಒಂದಾದರೂ ನಿಜವಾದ ಪಂಪು ಇರಲೇಬೇಕೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಅಂಶಕ್ಕೆ ಸಾಕಷ್ಟು ಗಮನ ಸಂದಿಲ್ಲ. 2015ರ ಡಿಸೆಂಬರಿನಲ್ಲಿ ಯುಕ್ರೇನಿನಲ್ಲಿ ಆಕ್ರಮಣಕಾರರು ದೂರದಿಂದಲೇ ಸ್ವಿಚ್ಚುಗಳನ್ನು ತೆರೆದು ಸುಮಾರು 2.25 ಲಕ್ಷ ಗ್ರಾಹಕರನ್ನು ಕತ್ತಲೆಗೆ ದೂಡಿದರು. ಕೆಲವೇ ಗಂಟೆಗಳಲ್ಲಿ ದೀಪ ಮರಳಿದ್ದು ಹೇಗೆ? ನೌಕರರು ಉಪಕೇಂದ್ರಗಳಿಗೆ ಧಾವಿಸಿ ಕೈಯಿಂದಲೇ ಸ್ವಿಚ್ಚು ಹಾಕಿದರು. ನಮ್ಮ ಕೆರೆಗಳ ತೂಬನ್ನು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ವಿದ್ಯೆಯೂ ಈ ಜಾತಿಯದೇ. ಪರೀಕ್ಷಾರಂಗವನ್ನು ಕಟ್ಟುವವರು ಗಣಕಗಳನ್ನೆಲ್ಲ ನಿಲ್ಲಿಸಿ, ಬಡಾವಣೆಯ ಕವಾಟ ತಿರುಗಿಸುವ ನೌಕರನನ್ನು ಕರೆತಂದು, ಅವನ ಕೈಯಿಂದ ನೀರು ಮರಳಿ ಹರಿಯಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನೂ ಅಳೆದು ದಾಖಲಿಸಬೇಕು.